ರೊಟ್ಟಿ ಯಂತ್ರಕ್ಕೆ ಒಡೆದ ಕಾಯಿ

ಅಮರೇಶ ದಿಲ್ಲಿಯ ವಿಶ್ವವಿದ್ಯಾಲಯವೊಂದರಲ್ಲಿ ಚೀನೀ ಭಾಷೆ, ಸಂಸ್ಕೃತಿ ಓದುತ್ತಿದ್ದದ್ದರಿಂದ ಗಜೇಂದ್ರಗಡದ ಪೇಟೆಗೆ ಎರಡು ವರ್ಷ ಯಾವ ಬಾಧೆಯೂ ಆಗಿರಲಿಲ್ಲ. ಬಾಧೆ ಶುರುವಾದದ್ದು ಅವನಪ್ಪ ಪ್ರಭುಲಿಂಗಪ್ಪ ಖಡಕ್ ರೊಟ್ಟಿ ವ್ಯಾಪಾರಕ್ಕೆಂದು ಚೀನಾದ ಯಂತ್ರವೊಂದನ್ನು ತರಿಸಿ, ಅದನ್ನು ನಡೆಸಿ ತೋರಿಸಲು ಬರುತ್ತೇನೆಂದ ಮೆಕ್ಯಾನಿಕನನ್ನು ಫೋನಿನಲ್ಲೇ ತಡೆದಾಗ.

"ನಿಮ್ಮ ಮನಶ್ಯಾ ಬ್ಯಾಡ್ರಿ. ನನ್ನ ಮಗಾ ಚೀನೀ ಓದ್ಯಾನ."

ರಜೆ ಮುಗಿದಿತ್ತು. ಮರುದಿನ ಅಮರೇಶ ಗದಗಿಗೆ ಹೋಗಿ ರೈಲು ಹಿಡಿಯಬೇಕು; ಕೊನೆಯ ವರ್ಷದ ಓದು ಬಾಕಿ. ಅಪ್ಪ ಯಂತ್ರದ ಮುಂದೆ ನಿಂತು ಷರತ್ತು ಹಾಕಿದ.

"ಇದನ್ನ ಚಾಲೂ ಮಾಡಿದಿ ಅಂದ್ರ ನಾಳೆ ದಿಲ್ಲಿಗೆ ಹೋಗು. ಆಗಲಿಲ್ಲಂದ್ರ ಸುಮ್ಮನ ಅಂಗಡ್ಯಾಗ ಕೂಡು."

ಅಮರೇಶ ಯಂತ್ರದ ಜೊತೆ ಬಂದಿದ್ದ ಚೀನೀ ಕೈಪಿಡಿ ತೆರೆದ. ಸಾವಿರ ವರ್ಷದ ಹಿಂದಿನ ಚೀನೀ ಕವಿಗಳು ಚಂದ್ರನನ್ನು ನೋಡಿ ಏನೆಂದರು ಎಂಬುದು ಅವನಿಗೆ ಬಾಯಿಪಾಠ. ಆದರೆ ಅವರಲ್ಲಿ ಒಬ್ಬರೂ ಹಿಟ್ಟು ನಾದುವ ಯಂತ್ರವನ್ನು ನೋಡಿ ಏನೂ ಅಂದಿರಲಿಲ್ಲ. ಹೊಸ ನೊಗ ಕಂಡ ಹೋರಿಯಂತೆ ಅವನು ಪುಟದ ಮುಂದೆ ನಿಂತುಬಿಟ್ಟ.

"ಲಗೂ ಓದೋ ತಮ್ಮಾ," ಎಂದರು ಪಕ್ಕದ ಮನೆಯ ನಿವೃತ್ತ ಮಾಸ್ತರ ವೆಂಕಟೇಶರು. "ನಮ್ಮ ಅಜ್ಜಾರು ಮೋಡಿ ಲಿಪಿಯ ಹಳೇ ಕಾಗದಾನೂ ಗಟಗಟ ಓದತಿದ್ರು."

ಯಂತ್ರದ ಮೈಮೇಲೆ ಅಂಟಿಸಿದ್ದ ಕೆಂಪು ಚೀಟಿ ಮಾತ್ರ ಅಮರೇಶನ ಕೈ ಹಿಡಿಯಿತು. "ನೀರು ತಾಗಿಸಬಾರದು ಅಂತ ಬರದಾರ್ರಿ."

ಪೂಜೆಗೆಂದು ಸೂಡಿಯಿಂದ ಮೊದಲ ಬಸ್ಸಿಗೇ ಬಂದಿದ್ದ ಸೋದರತ್ತೆ ನೀಲವ್ವ ನಕ್ಕಳು. "ಇಷ್ಟ ಕಲಿಯಾಕ ಎರಡ ವರ್ಷ ಬೇಕಾತೇನೋ? ಕರೆಂಟಿನ ಮಷೀನಿಗಿ ನೀರು ಹಾಕಬಾರದಂತ ನನ್ನ ಎಮ್ಮಿಗೂ ಗೊತ್ತೈತಿ."

ಹಾಗೆನ್ನುತ್ತಲೇ ಯಂತ್ರಕ್ಕೆ ವಿಭೂತಿ ಬಳಿದು, ಕುಂಕುಮವಿಟ್ಟು, ತೆಂಗಿನಕಾಯಿ ಎತ್ತಿದಳು.

"ಅತ್ತೀ, ಕಾಯಿ ನೆಲಕ್ಕ ಒಡೀರಿ."

"ಮಷೀನಿನ ಕಾಯಿ ಮಷೀನಿಗೇ ಒಡೀಬೇಕು. ನಮ್ಮ ಟ್ರ್ಯಾಕ್ಟರ್ ಬಂದಾಗ ಬಂಪರಿಗೇ ಒಡದಿದ್ವಿ."

"ನೀರು ಒಳಗ ಹೋಗತೈತ್ರಿ."

"ಕಾಯಿನೀರು ನೀರಲ್ಲೋ, ಅದು ತೀರ್ಥ."

ತೀರ್ಥ ಸ್ವಿಚ್ಚಿನ ಪಕ್ಕದ ಸಂದಿಗಳಲ್ಲಿ ಭಕ್ತಿಯಿಂದ ಇಳಿಯಿತು. ಪ್ರಭುಲಿಂಗಪ್ಪ ಗುಂಡಿ ಒತ್ತಿದ. ಯಂತ್ರ ಟುಸ್ ಎಂದು ಸುಮ್ಮನಾಯಿತು.

"ಓದೂದ್ರಾಗ ಏನೋ ತಪ್ಪೈತಿ," ಎಂದು ಮಾಸ್ತರರು ತೀರ್ಪು ಕೊಟ್ಟರು. ಎಲ್ಲರೂ ಅಮರೇಶನನ್ನು ನೋಡಿದರು.

ಕೊನೆಗೆ ಕೈಪಿಡಿಯ ಹಿಂಬದಿಯಲ್ಲಿದ್ದ ನಂಬರಿಗೆ ವಿಡಿಯೋ ಫೋನು ಹಚ್ಚಿದ್ದಾಯಿತು. ಎದುರಿನ ಬ್ಯೂಟಿ ಪಾರ್ಲರಿನ ಸೈರಾಬಾನು ಗಿರಾಕಿಯ ತಲೆಯನ್ನು ಹಾಗೇ ಬಿಟ್ಟು ಓಡಿಬಂದಳು. ಪರದೆಯ ಮೇಲೆ ಚೀನೀ ತರುಣಿಯೊಬ್ಬಳು ಮೂಡಿದಳು.

ಗುರುಗಳು ಕಲಿಸಿದಂತೆ ಅಮರೇಶ ಮೊದಲು ತಲೆಬಾಗಿದ. ತನ್ನ ಅಲ್ಪತನಕ್ಕೆ ಕ್ಷಮೆ ಕೇಳಿದ. ಶರತ್ಕಾಲವನ್ನು ಹೊಗಳಿದ. ಹಳೆಗನ್ನಡದಲ್ಲಿ ಬೋರ್‌ವೆಲ್ ರಿಪೇರಿ ಕೇಳಿದವನನ್ನು ನೋಡುವಂತೆ ಅವಳು ಅವನನ್ನು ನೋಡಿದಳು.

"ಊಟ ಆತೇನಂತ ಮೊದಲ ಕೇಳೋ," ಎಂದಳು ನೀಲವ್ವ.

ಚೀನಾದಲ್ಲೂ ಹಾಗೆಯೇ ಕೇಳುವ ರೂಢಿಯುಂಟು. ಅಮರೇಶ ಕೇಳಿದ. ಅವಳು ನಕ್ಕು ಪಟಪಟನೆ ಏನೇನೋ ಹೇಳಿದಳು.

"ಏನಂದಳು?" ಎಂದ ಅಪ್ಪ.

"ಊಟ ಆಗೇತಂತ."

"ಮಷೀನಿಂದೋ?"

"ಮಾತು ಇನ್ನೂ ಅಲ್ಲಿತನಕ ಬಂದಿಲ್ಲ."

ಪ್ರಭುಲಿಂಗಪ್ಪ ಫೋನು ಕಸಿದುಕೊಂಡ. ಸಿಟ್ಟು ಬಂದಾಗ ಅವನ ಬಾಯಲ್ಲಿ ಪೇಟೆಯ ಹಿಂದಿ ಹೊರಡುತ್ತಿತ್ತು. "ಅರೇ ಬಾಯಿ, ಮಷೀನ್ ಬಂದ್ ಹೋ ಗಯಾ."

ತರುಣಿಯ ಮುಖ ದೀಪ ಹಚ್ಚಿದಂತಾಯಿತು. "ನಮಸ್ಕಾರ ಮಹೋದಯ. ಮೇರಾ ಭಾರತೀಯ ನಾಮ ಸರಸ್ವತಿ ಹೈ." ತಾನು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಹಿಂದಿ ಭಾಷೆ, ಭಾರತೀಯ ಸಂಸ್ಕೃತಿ ಓದಿದವಳೆಂದೂ, ಕಂಪನಿ ತನ್ನನ್ನು ಇಟ್ಟುಕೊಂಡಿರುವುದೇ ಇದಕ್ಕೆಂದೂ ರೇಡಿಯೋ ವಾರ್ತೆ ಓದುವಷ್ಟು ಸ್ಪಷ್ಟವಾಗಿ ಹೇಳಿದಳು. ಆಮೇಲೆ ಕೇಳಿದಳು: "ಕ್ಯಾ ಯಂತ್ರ ಮೇ ಜಲ ಗಯಾ ಹೈ?"

"ಯಂತ್ರ, ಜಲ," ನೀಲವ್ವ ಗಲ್ಲಕ್ಕೆ ಕೈ ಹಚ್ಚಿದಳು. "ಅಲ್ಲೋ ಪ್ರಭೂ, ಇಕಿ ನಮ್ಮ ಮಾತ ಆಡಾಕತ್ಯಾಳ."

"ಕ್ಯಾ ಆಪ್‌ನೇ ಉಸೀ ಪರ ನಾರಿಯಲ್ ಫೋಡಾ?" ಸರಸ್ವತಿ ಮುಂದುವರಿಸಿದಳು. "ಭಾರತ ಮೇ ಸಬ್ ಫೋಡತೇ ಹೈ."

ತೆಂಗಿನಕಾಯಿಯ ಮಾತು ಬಂದದ್ದೇ ನೀಲವ್ವ ಮೆಲ್ಲಗೆ ಮಾಸ್ತರರ ಬೆನ್ನ ಹಿಂದೆ ಸರಿದಳು.

ಸರಸ್ವತಿ ಹೇಳಿದಂತೆ ಮುಚ್ಚಳ ಬಿಚ್ಚಿ, ಸೈರಾಬಾನು ತಂದ ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಹಿಡಿದರು. ಗುಂಡಿ ಒತ್ತಿದರೆ ಯಂತ್ರ ಗುರುಗುಟ್ಟಿತು. ಮೊದಲ ರೊಟ್ಟಿ ತಟ್ಟೆಗೆ ಬಿತ್ತು.

"ಚಾಲೂ ಆತಲ್ಲಪಾ," ಎಂದ ಅಮರೇಶ, ಸಣ್ಣ ದನಿಯಲ್ಲಿ.

"ಆತು. ಮಾಡಿದವರ್ಯಾರು?"

"ಸರಸ್ವತಿ," ಎಂದರು ಮಾಸ್ತರರು, ಹಾಜರಿ ಕೂಗಿದಂತೆ.

"ಆಕಿ ನಮ್ಮ ಭಾಷಾ ಕಲತಳು, ನೌಕರಿ ಹತ್ತೇತಿ. ನೀ ಅವರ ಭಾಷಾ ಕಲತಿ..." ಪ್ರಭುಲಿಂಗಪ್ಪ ಯಂತ್ರದ ಬಾಯಿಯ ಎದುರಿಗೆ ಒಂದು ಸ್ಟೂಲು ಎಳೆದಿಟ್ಟ.

"ನೀರು ತಾಗಿಸಬ್ಯಾಡ್ರಿ ಅಂತ ನಾ ಮೊದಲ ಹೇಳಿದ್ದೆ."

"ಹೇಳಿದ್ದಿ, ಖರೇ," ನೀಲವ್ವ ಒಪ್ಪಿಕೊಂಡಳು. "ಸ್ವಲ್ಪ ಜೋರಲೇ ಹೇಳಬೇಕಿತ್ತು."

ಅಮರೇಶ ಸ್ಟೂಲಿನ ಮೇಲೆ ಕೂತ. ಬೀಳುವ ರೊಟ್ಟಿಗಳನ್ನು ಒಂದರ ಮೇಲೊಂದು ಒಟ್ಟತೊಡಗಿದ. ಗದಗಿನ ರೈಲು ನೆನಪಾಗಿ ಕಣ್ಣು ತುಂಬಿ ಬಂದವು. ಎದುರಿನ ಕೆಂಪು ಚೀಟಿ ಕಂಡಿತು. ಅದನ್ನು ಇನ್ನೊಮ್ಮೆ ತಪ್ಪಿಲ್ಲದೆ ಓದಿಕೊಂಡು, ಸ್ಟೂಲನ್ನು ಯಂತ್ರದಿಂದ ಒಂದಿಷ್ಟು ಹಿಂದಕ್ಕೆ ಸರಿಸಿಕೊಂಡ.