ಗುಡ್ಡದ ಮೇಲೆ ದುರ್ಬೀನು

ತಂಬೂರು ಎಂಬ ಹಳ್ಳಿಗೆ ಬಂದವನು ಶಿವಗಂಗವ್ವನ ಮನೆಯಲ್ಲಿ ರೊಟ್ಟಿ ತಿನ್ನದೆ ಮುಂದೆ ಹೋಗಬಾರದು ಎಂಬ ಕಟ್ಟಳೆಯನ್ನು ಗೌರೀಶ ಆ ರವಿವಾರ ಮುರಿದ. ಎಲ್ಲ ಕೆಟ್ಟಿದ್ದು ಅಲ್ಲಿಂದಲೇ.

ಶಿವಗಂಗವ್ವ ಅವನ ಸೋದರತ್ತೆ. ಮಕ್ಕಳಿಲ್ಲದ ಆಕೆ ಗುಡ್ಡದ ಅಂಚಿನ ಅರ್ಧ ಎಕರೆ ಕಲ್ಲುಭೂಮಿಯನ್ನು ಬರುವ ದೀಪಾವಳಿಗೆ ಅವನ ಹೆಸರಿಗೆ ಬರೆದುಕೊಡುವುದಾಗಿ ಹೇಳಿದ್ದಳು. ಅಲ್ಲಿ ಒಂದು ತೆನೆಯೂ ಬೆಳೆಯದು, ಆದರೆ ನಿಂತರೆ ಇಡೀ ಕಣಿವೆ ಕಾಣುತ್ತದೆ. ಹುಬ್ಬಳ್ಳಿಯ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ಕಿಟಕಿ ತೆರೆದರೆ ಪಕ್ಕದವರ ನೀರಿನ ಟಾಕಿ ಬಿಟ್ಟು ಬೇರೇನೂ ಕಾಣದ ಗೌರೀಶನಿಗೆ, ಅಲ್ಲೊಂದು ಕೋಣೆ ಕಟ್ಟಿ ಹಕ್ಕಿ ನೋಡುತ್ತ ಕೂಡಬೇಕೆಂಬುದೊಂದೇ ಆಸೆ.

ಅತ್ತೆಯ ಮನೆ ಹೊಕ್ಕರೆ ರೊಟ್ಟಿ, ಎಣ್ಣೆಗಾಯಿ, ಊರವರ ಸುದ್ದಿ ಮುಗಿಯುವಷ್ಟರಲ್ಲಿ ಮಧ್ಯಾಹ್ನ. ಹಕ್ಕಿಗಳು ಅಲ್ಲಿಯವರೆಗೆ ಕಾಯುವುದಿಲ್ಲ. ಅದಕ್ಕೇ ಕಣ್ಣಷ್ಟೇ ಬಿಟ್ಟು ಮುಖಕ್ಕೆ ಟವೆಲು ಸುತ್ತಿ, ಕೊರಳಿಗೆ ದುರ್ಬೀನು ಹಾಕಿಕೊಂಡು, ಮೊದಲ ಬಸ್ಸಿಳಿದವನೇ ಊರ ಹಿಂದಿನ ಹಾದಿಯಿಂದ ಗುಡ್ಡ ಹತ್ತಿದ.

ನೆತ್ತಿಯ ಆಲದ ಮರದಲ್ಲಿ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ಕಂಡಿತು. ಎರಡು ವರ್ಷದಿಂದ ಹುಡುಕುತ್ತಿದ್ದ ಹಕ್ಕಿ. ಗೌರೀಶ ಉಸಿರು ಬಿಗಿಹಿಡಿದು ನೋಟ್‌ಬುಕ್ಕು ತೆಗೆದ.

"ಯಾವ ಖಾತೇದವ್ರರಿ ಸಾಹೇಬ್ರ?"

ಬೆನ್ನ ಹಿಂದೆ ಅತ್ತೆಯ ನೆರೆಮನೆಯ ಮಡಿವಾಳೆಪ್ಪ, ಅವನ ಹಿಂದೆ ಆಡು ಮೇಯಿಸಲು ಬಂದ ರಾಮವ್ವ. ಬಾಯಿಬಿಟ್ಟರೆ ಮಡಿವಾಳೆಪ್ಪ ದನಿಯಿಂದಲೇ ಗುರುತು ಹಿಡಿಯುತ್ತಾನೆ, ಸುದ್ದಿ ಅತ್ತೆಗೆ ಮುಟ್ಟುತ್ತದೆ. ಗೌರೀಶ ಟವೆಲನ್ನು ಇನ್ನಷ್ಟು ಬಿಗಿದುಕೊಂಡ.

"ಇಲ್ಲೆ ಹೊಸಾ ಕೆರಿ ಮಾಡ್ತಾರಂತ ಮಂದಿ ಅಂತಿದ್ರು. ಆ ಸರ್ವೇನ ಏನ್ರಿ ಇದು?"

ಇವರು ತೊಲಗಿದರೆ ಸಾಕೆಂದು ಗೌರೀಶ ತಲೆಯಾಡಿಸಿದ.

"ಅಯ್ಯ ಶಿವನ, ಎಲ್ಲಿ ತನಕ ಮುಳಗತೈತ್ರಿ?" ಎಂದಳು ರಾಮವ್ವ.

ಅಷ್ಟರಲ್ಲಿ ಹಕ್ಕಿ ಹಾರಿತು. ಗೌರೀಶನ ಬೆರಳು ತಾನಾಗಿ ಅದರ ಬೆನ್ನು ಹತ್ತಿ ಹೊರಟು, ಅತ್ತೆಯ ಕಲ್ಲುಭೂಮಿಯ ಬೇವಿನ ಮರದ ನೇರಕ್ಕೆ ನಿಂತಿತು. ರಾಮವ್ವ ಬಾಯಿಗೆ ಸೆರಗು ಹಿಡಿದು, ಆಡುಗಳನ್ನು ಅಲ್ಲೇ ಬಿಟ್ಟು ಊರ ಕಡೆ ಓಡಿದಳು. ಮಡಿವಾಳೆಪ್ಪ ಮಾತ್ರ ನೋಟ್‌ಬುಕ್ಕಿನೊಳಗೆ ಒಮ್ಮೆ ಇಣುಕಿ, ತಲೆ ಕೆರೆದುಕೊಂಡು, ಸಾವಕಾಶ ಇಳಿದ.

ಅಲ್ಲೇ ಉಳಿದ ಆಡುಗಳು ಗೌರೀಶನ ಚೀಲದೊಳಗಿನ ಚುರುಮುರಿಯನ್ನು ಪೊಟ್ಟಣದ ಸಮೇತ ತಿಂದು ಮುಗಿಸಿದವು. ಹಸಿವೆ ತಾಳದೆ ಅವನು ಮಧ್ಯಾಹ್ನ ಟವೆಲು, ದುರ್ಬೀನು ಚೀಲಕ್ಕೆ ತುರುಕಿ, ಆಗಷ್ಟೇ ಬಸ್ಸಿಳಿದವನಂತೆ ಅತ್ತೆಯ ಮನೆಗೆ ಬಂದ.

"ಚೊಲೊ ಹೊತ್ತಿಗೆ ಬಂದಿ," ಎಂದು ಶಿವಗಂಗವ್ವ ತಾಟಿಟ್ಟಳು. "ಮುಂಜಾನಿ ಯಾವನೋ ಮಾರಿ ಮುಚಗೊಂಡ ಸಾಹೇಬ ಬಂದು, ನಮ್ಮ ಕಲ್ಲಭೂಮಿ ಕೆರ್‍ಯಾಗ ಹೊಕ್ಕತಿ ಅಂತ ಬೆರಳ ಮಾಡಿ ತೋರಿಸಿ ಹೋದನಂತ. ಪರಿಹಾರಕ್ಕ ಕಚೇರಿ ಅಡ್ಡಾಡೂದು ನನ್ನಿಂದ ಆಗೂದಿಲ್ಲ. ತಾ ಅಡ್ಡಾಡತೀನಿ ಅಂದ ಮಡಿವಾಳೆಪ್ಪ. ಅವನ ಎಮ್ಮಿಗೆ ಬದಲ ಭೂಮಿ ಕೊಟ್ಟಬಿಟ್ಟೆ."

ತುತ್ತು ಗೌರೀಶನ ಕೈಯಲ್ಲೇ ಉಳಿಯಿತು. "ಕಾಗದಾ ಆತೇನು?"

"ಕಾಗದಾ ಏನ ಮಾಡೂದೈತಿ? ಕೊಳ್ಳಾಗಿನ ಲಿಂಗ ಮುಟ್ಟಿ ಮಾತ ಕೊಟ್ಟೀನಿ."

ಕಾಗದವಾಗಿದ್ದರೆ ಹರಿಯಬಹುದಿತ್ತು. ಲಿಂಗ ಮುಟ್ಟಿ ಕೊಟ್ಟ ಮಾತಿಗೆ ಶಿವಗಂಗವ್ವ ಪ್ರಾಣ ಹೋದರೂ ತಪ್ಪುವವಳಲ್ಲ.

"ಅತ್ತಿ, ಆ ಸಾಹೇಬ..." ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಮಡಿವಾಳೆಪ್ಪ ಎಮ್ಮೆಯನ್ನು ಅಂಗಳದ ಗೂಟಕ್ಕೆ ಕಟ್ಟಿ ಒಳಗೆ ಬಂದ. ಶಿವಗಂಗವ್ವ ಮಜ್ಜಿಗೆಗೆಂದು ಅಡಿಗೆಮನೆಗೆ ಹೋದದ್ದೇ, ಅವನು ಗೌರೀಶನ ಬಾಜು ಕೂತು, ದುರ್ಬೀನಿನ ಕರಿ ಮುಚ್ಚಳವನ್ನು ಅವನ ಅಂಗೈಯಲ್ಲಿಟ್ಟ.

"ಗುಡ್ಡದಾಗ ಬೀಳಿಸಿದ್ರಿ," ಎಂದ ಮೆಲ್ಲಗೆ. "ಮೊದಲ ನಾನೂ ಅಂಜಿದ್ದೆ. ಪುಸ್ತಕ ನೋಡಿದ್ರ ಬರೇ ಹಕ್ಕಿ ಹೆಸರು. ಈ ಊರಿಗೆ ಹಕ್ಕಿ ನೋಡಾಕ ಬರೋರು ನೀವೊಬ್ರ. ಹಕ್ಕಿ ಬರಕೊಂಡು ಯಾರರ ಕೆರಿ ಕಟ್ಟತಾರೇನ್ರಿ? ಮುಂಜಾನಿನ ಊರಿಗೆ ಬಂದು ಅತ್ತಿ ರೊಟ್ಟಿ ತಪ್ಪಿಸಿದ್ದು ನಾ ಹೇಳೂದಿಲ್ಲ, ನೀವೂ ಏನೂ ಹೇಳಬ್ಯಾಡ್ರಿ."

ಶಿವಗಂಗವ್ವ ಮಜ್ಜಿಗೆ ತಂದಳು. ಬಿಳಿಚಿದ್ದ ಅಳಿಯನ ಮುಖ ನೋಡಿ ಆಕೆ ಅವನ ಬೆನ್ನು ಸವರಿದಳು.

"ಬ್ಯಾಸರ ಮಾಡ್ಕೋಬ್ಯಾಡ. ನಿನ್ನ ಜಾಗಾಕ್ಕ ಬಂದದ್ದು, ಎಮ್ಮಿನೂ ನಿಂದ. ದಿನಾ ಎರಡು ಬೆಳ್ಳಕ್ಕಿ ಬಂದು ಅದರ ಬೆನ್ನ ಮ್ಯಾಲ ಕುಂಡ್ರತಾವಂತ, ನೋಡಕೋತ ಇರು," ಎಂದು ಸಮಾಧಾನ ಮಾಡಿ, ಲೋಟಕ್ಕೆ ಮಜ್ಜಿಗೆ ಸುರುವುತ್ತ ಕೇಳಿದಳು: "ನಿಮ್ಮ ಮನಿ ಮೂರನೇ ಮಾಳಿಗಿ ಅಲ್ಲನು? ಎಮ್ಮಿ ಹತ್ತೂವಷ್ಟು ಪಾವಟಿಗಿ ಅಗಲ ಅದಾವಿಲ್ಲೊ?"