ಆರು ಗ್ರಾಂ ಮುದ್ದೆಯ ವರ್ಗೀಕರಣ

ಗೌರಿಬಿದನೂರು ತಾಲ್ಲೂಕಿನಲ್ಲಿ ಒಂದು ಮುದ್ದೆ ಕಾಲು ಕೆಜಿಗಿಂತ ಕಡಿಮೆ ಇರುವುದಿಲ್ಲ. ಇದನ್ನು ಯಾರೂ ಕಾನೂನು ಅಂತ ಬರೆದಿಟ್ಟಿರಲಿಲ್ಲ. ಬರೆಯುವ ಅಗತ್ಯ ಬಿದ್ದಿರಲಿಲ್ಲ.

ಅಗತ್ಯ ತಂದವನು ನಗರಗೆರೆಯ ಮುನೇಶ. ಹನ್ನೆರಡು ವರ್ಷ ಹೊರದೇಶದ ದೊಡ್ಡ ಹೋಟೆಲುಗಳಲ್ಲಿ ಅಡುಗೆ ಮಾಡಿ ಬಂದ. ಹಿಂದೂಪುರದ ರಸ್ತೆಯಲ್ಲಿ ಮುಚ್ಚಿಹೋಗಿದ್ದ ಮುಸುಕಿನ ಜೋಳದ ಗೋದಾಮು ಹಿಡಿದು, ಗೋಡೆಗೆ ಕಪ್ಪು ಬಣ್ಣ ಬಳಿಸಿ, 'ತುತ್ತು' ಎಂದು ಹೆಸರಿಟ್ಟು ರೆಸ್ಟೋರೆಂಟ್ ಮಾಡಿದ. ಒಂದು ಊಟಕ್ಕೆ ಹನ್ನೊಂದು ಕೋರ್ಸ್. ಅಂದರೆ ಒಂದಾದ ಮೇಲೊಂದು ಹನ್ನೊಂದು ತಟ್ಟೆ. ಏಳನೆಯದರಲ್ಲಿ ಮುದ್ದೆ. ತೂಕ ಆರು ಗ್ರಾಂ. ಮೇಲೆ ಗಾಜಿನ ಕೊಳವೆಯಿಂದ ನಾಲ್ಕು ತೊಟ್ಟು ಬಸ್ಸಾರು.

ಅವನ ತಾಯಿ ಚಿಕ್ಕಮುನಿಯಮ್ಮ ತಟ್ಟೆಗೆ ಬಗ್ಗಿ ನೋಡಿದಳು. "ಏನಪ್ಪಾ ಇದು? ಮುದ್ದೆನೋ, ಮುದ್ದೆ ಕಟ್ಟೋವಾಗ ಕೈಗಂಟಿದ್ದೋ?"

"ಅಮ್ಮಾ, ಇದು ಮುದ್ದೆಯ ಸಾರಾಂಶ."

"ಸಾರಾಂಶ ಉಂಡು ಹೊಲ ಉಳೋಕಾಗುತ್ತಾ?"

ಮುನೇಶ ತಟ್ಟೆಯನ್ನು ಬೆಳಕಿನತ್ತ ಸರಿಸಿದ. ಕ್ಯಾಮೆರಾ ನಡೆಯುತ್ತಿತ್ತು. ಬಿಂದುಶ್ರೀ ಎಂಬ ನಿರ್ದೇಶಕಿ ಅವನ ಮೇಲೆ ಒಂದು ಗಂಟೆಯ ಸಾಕ್ಷ್ಯಚಿತ್ರ ತೆಗೆಯುತ್ತಿದ್ದಳು. ಅವನು ಈರುಳ್ಳಿ ನೋಡುವುದನ್ನು, ನೋಡಿ ಸುಮ್ಮನಿರುವುದನ್ನು, ಮಾರನೆಯ ದಿನ ಅದೇ ಈರುಳ್ಳಿಯನ್ನು ಬೇಡವೆನ್ನುವುದನ್ನು ಮೂರು ತಿಂಗಳು ತೆಗೆದಿದ್ದಳು. ಬಾಕಿ ಇದ್ದದ್ದು ಕೊನೆಯ ದೃಶ್ಯ: ತುಂಬಿದ ಹಾಲ್‌ನಲ್ಲಿ ಜನ ಮುದ್ದೆ ತಿನ್ನುವುದು. ಅದಿಲ್ಲದಿದ್ದರೆ ಚಿತ್ರವಿಲ್ಲ. ಚಿತ್ರವಿಲ್ಲದಿದ್ದರೆ ಮುನೇಶ ಎಂಬ ಬಾಣಸಿಗ ಇದ್ದಾನೆಂದು ಜಗತ್ತಿಗೆ ಗೊತ್ತಾಗುವುದಿಲ್ಲ. ಅವಳ ಕೈಯಲ್ಲಿ ಎಂಟು ದಿನ ಇತ್ತು. ಅವನ ಕೈಯಲ್ಲಿ ಲೈಸೆನ್ಸ್ ಇರಲಿಲ್ಲ.

ಲೈಸೆನ್ಸ್ ಕೊಡಬೇಕಾದವರು ಆಹಾರ ಗಾತ್ರ ಪರಿಶೀಲನಾಧಿಕಾರಿ ರಾಮಾಂಜಿನಪ್ಪ. ಅವರು ಬಂದು ಒಂದು ಮುದ್ದೆ ಪರಿಶೀಲಿಸಿದರು. 'ಮಾದರಿ ಸಾಲದು' ಎಂದು ಷರಾ ಬರೆದರು. ಇನ್ನೂ ನಲವತ್ತು ಪರಿಶೀಲಿಸಿದರು. ನಾಲ್ಕು ತೊಟ್ಟು ಬಸ್ಸಾರಿನಲ್ಲಿ ಪರಿಶೀಲನೆ ಮುಂದಕ್ಕೆ ಹೋಗುವುದಿಲ್ಲವೆಂದು ನಾಟಿ ಕೋಳಿ ಸಾರು ಮಾಡಿಸಿಕೊಂಡರು. ಕೋಳಿಯ ಬಗ್ಗೆ ಕಚೇರಿಗೆ ಯಾವ ಆಕ್ಷೇಪಣೆಯೂ ಇರಲಿಲ್ಲ.

ಆ ಹೊತ್ತಿಗೆ ಮುನೇಶ ಕ್ಯಾಮೆರಾಗೆ ಹೇಳುತ್ತಿದ್ದ: "ಮುದ್ದೆ ಅಗಿಯೋ ವಸ್ತು ಅಲ್ಲ. ಅಗಿದರೆ ಅದಕ್ಕೆ ಅವಮಾನ. ನುಂಗಬೇಕು." ರಾಮಾಂಜಿನಪ್ಪ ಕೈ ಒರೆಸಿಕೊಂಡು ಅದನ್ನು ಹೇಳಿಕೆ ಎಂದು ದಾಖಲಿಸಿಕೊಂಡರು.

ಮೂರನೆಯ ದಿನ ಪತ್ರ ಬಂತು.

"ವಿಷಯ: ಆರು ಗ್ರಾಂ ತೂಕದ ದುಂಡನೆಯ ವಸ್ತುವಿನ ವರ್ಗೀಕರಣದ ಬಗ್ಗೆ. ಸದರಿ ವಸ್ತು ದುಂಡಗಿರುತ್ತದೆ. ಅಗಿಯದೆ ನುಂಗತಕ್ಕದ್ದೆಂದು ಅರ್ಜಿದಾರರೇ ಹೇಳಿಕೆ ನೀಡಿರುತ್ತಾರೆ. ಜೊತೆಯ ದ್ರವವನ್ನು ತೊಟ್ಟಿನ ಲೆಕ್ಕದಲ್ಲಿ ಕೊಡಲಾಗುತ್ತದೆ. ಇದಕ್ಕೆ ಹನ್ನೊಂದು ಕೋರ್ಸ್ ಇರುವುದಾಗಿ ಫಲಕದಲ್ಲಿ ಬರೆದಿರುತ್ತದೆ. ನಲವತ್ತೊಂದು ತೆಗೆದುಕೊಂಡರೂ ಕೆಳಸಹಿದಾರರ ಹೊಟ್ಟೆ ತುಂಬಿರುವುದಿಲ್ಲ. ಆದ್ದರಿಂದ ಸದರಿ ವಸ್ತುವು ಮುದ್ದೆಯಲ್ಲ. ಮಾತ್ರೆ."

ಮುನೇಶ ಕಚೇರಿಗೆ ಓಡಿದ. ಹಿಂದೆ ಕ್ಯಾಮೆರಾ ಓಡಿತು.

"ಕಾಲು ಕೆಜಿ ಮಾಡಪ್ಪಾ, ಈಗ್ಲೇ ಸೈನ್ ಹಾಕ್ತೀನಿ," ಅಂದರು ರಾಮಾಂಜಿನಪ್ಪ.

"ಕಾಲು ಕೆಜಿ ಮುದ್ದೆ ಬಸ್ ಸ್ಟ್ಯಾಂಡಲ್ಲೂ ಸಿಗುತ್ತೆ ಸಾರ್. ನಾನು ಕಲಾವಿದ."

"ಕಲಾವಿದರದ್ದು ಆ ಟೇಬಲ್ಲು. ಅವರು ರಜಾದಲ್ಲಿದ್ದಾರೆ."

"ಬೇರೆ ದಾರಿ ಇಲ್ವಾ ಸಾರ್?"

"ಮಾತ್ರೆ ಅಂತ ಒಪ್ಕೊಂಡ್‌ಬಿಡು. ಪೇಪರಲ್ಲಿ ತಾನೇ? ಅಷ್ಟೇ ಕದಾ!" ಕೊನೆಗೆ ತೆಲುಗು ಬೆರೆಸಿದರು ರಾಮಾಂಜಿನಪ್ಪ.

ಪೇಪರಲ್ಲಿ ತಾನೇ ಅಂತ ಮುನೇಶ ಒಪ್ಪಿದ. ಅರ್ಜಿಯಲ್ಲಿ 'ಯಾವ ಕಾಯಿಲೆಗೆ' ಎಂಬ ಕಾಲಂ ಇತ್ತು. 'ಹಸಿವು' ಎಂದು ಬರೆದ. ಹಸಿವು ಕಾಯಿಲೆಗಳ ಪಟ್ಟಿಯಲ್ಲಿ ಇಲ್ಲವೆಂದು ಗುಮಾಸ್ತರು ಅದನ್ನು ಹೊಡೆದುಹಾಕಿ 'ಇತರೆ' ಎಂದು ತಿದ್ದಿಕೊಟ್ಟರು.

ಲೈಸೆನ್ಸ್ ಸಿಕ್ಕಿತು. ಆದರೆ ಮಾತ್ರೆಗೆ ನಿಯಮಗಳಿದ್ದವು. ಬಡಿಸುವವರು ಬಿಳಿ ಕೋಟು ಹಾಕಬೇಕು. ಮುದ್ದೆ ಮಾತ್ರೆಯಂತೆ ಹತ್ತರ ಸ್ಟ್ರಿಪ್‌ನಲ್ಲಿ ಬರಬೇಕು. ಬಾಗಿಲಲ್ಲಿ ಬಂದವರ ತೂಕ ನೋಡಿ ಚೀಟಿ ಬರೆದು ಒಳಗೆ ಬಿಡಬೇಕು. ಬಾಗಿಲ ಮೇಲೆ ಪ್ರಕಟಣೆ ಹಾಕಬೇಕು. ಹಾಕಿದರು: "ಸಾರ್ವಜನಿಕರ ಗಮನಕ್ಕೆ. ರಾಗಿ ಮಾತ್ರೆ ಲಭ್ಯ. ಮಕ್ಕಳ ಕೈಗೆ ಸಿಗದಂತೆ ಇಡಿ."

ಹಿಂದಿನ ವಾರ ಊಟಕ್ಕೆ ಹೆಸರು ಬರೆಸಿದ್ದವರು ಇಬ್ಬರು. ಅವರಲ್ಲಿ ಒಬ್ಬರು ತಪ್ಪಿ ಬರೆಸಿದ್ದರು. ಪ್ರಕಟಣೆ ಬಿದ್ದ ಬೆಳಗ್ಗೆ ಸಾಲು ರಸ್ತೆ ದಾಟಿತು. ತಟ್ಟೆಯಲ್ಲಿರುವುದು ಚಿಕ್ಕದಾಯಿತು, ಬೆಲೆ ದೊಡ್ಡದಾಯಿತು ಎಂದು ಜಗಳವಾಡುವ ಜನ ಮಾತ್ರೆಯ ಮುಂದೆ ಬಾಯಿ ಬಿಡುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಾಲ್ ತುಂಬಿತು. ಬಿಂದುಶ್ರೀಗೆ ಕಣ್ಣಲ್ಲಿ ನೀರು ಬಂತು.

ಮೊದಲ ತಟ್ಟೆ ತೊಂಡೇಬಾವಿಯಿಂದ ರೈಲಿನಲ್ಲಿ ಬಂದಿದ್ದ ನಲ್ಲಪ್ಪ ಎಂಬ ಹಿರಿಯರಿಗೆ ಹೋಯಿತು. ಮುನೇಶನೇ ಕೈಯಾರೆ ಇಟ್ಟ. ಅವರು ಮುದ್ದೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಡಾಕ್ಟ್ರೇ, ಇದು ಊಟಕ್ಕೆ ಮುಂಚೆನೋ, ಆದ್ಮೇಲೋ?"

"ಯಜಮಾನ್ರೇ, ಇದೇ ಊಟ."

"ತಮಾಷೆ ಮಾಡ್ಬೇಡಪ್ಪಾ. ನಂಗೆ ಗ್ಯಾಸ್ಟ್ರಿಕ್ ಇದೆ. ಖಾಲಿ ಹೊಟ್ಟೇಲಿ ಮಾತ್ರೆ ತಗೋಬಾರ್ದು."

"ಹೌದು ಕಣೋ," ಅಂದಿತು ಪಕ್ಕದ ಟೇಬಲ್ಲು. "ಮನೇಲಿ ಉಂಡ್ಕೊಂಡು ಬರಣ, ನಡೀರಿ."

ಕುರ್ಚಿಗಳು ಸರಿದವು. ಬಿಂದುಶ್ರೀ ಪಿಸುಗುಟ್ಟಿದಳು: "ಶೆಫ್, ಹಾಲ್ ಖಾಲಿ ಆಗ್ತಿದೆ. ಏನಾದ್ರೂ ಹೇಳಿ."

ಮುನೇಶ ಆರು ಗ್ರಾಂ ಮುದ್ದೆಯನ್ನು ನೋಡಿದ. ಹನ್ನೆರಡು ವರ್ಷ ಅದರೊಳಗಿತ್ತು. ಬಾಗಿಲ ಹತ್ತಿರ ಐದು ಜನ ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು.

"ಊಟ ಆದ್ಮೇಲೆ," ಅಂದ. "ಎಲ್ಲಾರೂ ಕೂತ್ಕೊಳಿ. ಊಟ ಇಲ್ಲೇ ಬರುತ್ತೆ."

ಹಿಂದಿನ ಕೋಣೆಯಲ್ಲಿ ಚಿಕ್ಕಮುನಿಯಮ್ಮ ಕೆಲಸದವರಿಗೆಂದು ಮುದ್ದೆ ತಿರುವುತ್ತಿದ್ದಳು. ಅದೇ ಬಂತು, ಕಾಲು ಕೆಜಿ ಲೆಕ್ಕದಲ್ಲಿ. ಸಾಲದಾದಾಗ ಇನ್ನೊಂದು ಪಾತ್ರೆ ಎಸರಿಟ್ಟಳು. ಜನ ಉಂಡರು. ಕೈ ತೊಳೆದರು. ಆಮೇಲೆ ಶಿಸ್ತಾಗಿ ಕೂತು, ತಲಾ ಒಂದು ಮಾತ್ರೆ ನುಂಗಿದರು. ಕೊನೆಯ ದೃಶ್ಯ ಸಿಕ್ಕಿತು.

ಚಿತ್ರಕ್ಕೆ ಸಾರ್ವಜನಿಕ ಆರೋಗ್ಯ ವಿಭಾಗದಲ್ಲಿ ಪ್ರಶಸ್ತಿ ಬಂದಿದೆ. ಅದರಲ್ಲಿ ಜನ ಮುದ್ದೆ ಉಣ್ಣುವುದು ತುಂಬಾ ಸಹಜವಾಗಿದೆ ಎಂದು ತೀರ್ಪುಗಾರರು ಬರೆದಿದ್ದಾರೆ. ವೇದಿಕೆಯಲ್ಲಿ ಡಾಕ್ಟರ್ ಮುನೇಶ್ ಎಂದು ಕರೆದರು. ಬೇರೆ ಯಾರೂ ಏಳುವುದಿಲ್ಲವೆಂದು ನೋಡಿ ಅವನೇ ವೇದಿಕೆ ಹತ್ತಿದ.

'ತುತ್ತು' ಈಗ ವಾರದ ಏಳು ದಿನವೂ ತೆರೆದಿರುತ್ತದೆ. ಮಾತ್ರೆಗೆ ಮುಂಚಿನ ಊಟವನ್ನು ರಾಮಾಂಜಿನಪ್ಪ ಪ್ರತಿ ಶುಕ್ರವಾರ ಖುದ್ದಾಗಿ ಪರಿಶೀಲಿಸುತ್ತಾರೆ. ಎರಡು ಗಂಟೆಗೆ ಜನ ಕಡಿಮೆಯಾದ ಮೇಲೆ ಮುನೇಶ ಬಿಳಿ ಕೋಟು ಬಿಚ್ಚಿ ತಾಯಿಯ ಎದುರು ಕೂರುತ್ತಾನೆ. ಎರಡು ಮುದ್ದೆ ಉಣ್ಣುತ್ತಾನೆ. ಒಂದು ಮಾತ್ರೆ ನುಂಗುತ್ತಾನೆ. ಈಗ ಸ್ವಲ್ಪ ಪರವಾಗಿಲ್ಲ ಅನ್ನುತ್ತಾನೆ.