ಆರು ಗಂಟೆಯ ಸಾಲು

ಮೂರನೇ ಕ್ಲಾಸಿನ ಮೇಷ್ಟ್ರು ಆ ದಿನವೂ ಒಂಬತ್ತೂ ಇಪ್ಪತ್ತಕ್ಕೆ ಬಂದರು. ಬೆಲ್ ಹೊಡೆದು ಇಪ್ಪತ್ತು ನಿಮಿಷವಾಗಿತ್ತು. ಇನ್ನೊಂದು ಸಲ ತಡವಾದರೆ ಕಂಪ್ಯೂಟರ್ ಪಾಠ ಬೇರೆಯವರಿಗೆ ಎಂದು ಹೆಡ್‌ಮಿಸ್ ಹಿಂದಿನ ದಿನವಷ್ಟೇ ಹೇಳಿದ್ದರು. ಮೇಷ್ಟ್ರಿಗೆ ಆ ಪಾಠವೆಂದರೆ ಪ್ರಾಣ. ಪುಣ್ಯಕ್ಕೆ ಯಾರೂ ನೋಡಲಿಲ್ಲ.

ಮಕ್ಕಳು ನೋಡಿದ್ದರು. ಅವತ್ತಿನ ಪಾಠ ಡೇಟಾಬೇಸ್. ಶಾಲೆಯ ಹದಿನಾಲ್ಕು ಜನ ದೊಡ್ಡವರಿಗೆ ಹದಿನಾಲ್ಕು ಸಾಲು. ಒಂದೊಂದರಲ್ಲೂ ಅವರ ಕೆಲಸ, ಚಪ್ಪಲಿಯ ಅಳತೆ, ಇವತ್ತು ಬಂದ ಹೊತ್ತು. ಎಲ್ಲರನ್ನೂ ಕೇಳಿಕೊಂಡು ಬಂದು ತುಂಬಿಸಿದವಳು ಎರಡು ಜಡೆಯ ಹುಡುಗಿ.

"ನಿಮ್ಮದು ಕೇಳಲಿಲ್ಲ ಸರ್. ನಾನೇ ಗಡಿಯಾರ ನೋಡಿ ಹಾಕ್ಬಿಟ್ಟೆ," ಎಂದು ಅವಳು ಗುಂಡಿ ಒತ್ತಿದಳು. ಸಾಲುಗಳೆಲ್ಲ ಹೊತ್ತಿನ ಪ್ರಕಾರ ನಿಂತವು. ಬಸ್ಸು ತಪ್ಪಿದವರ ಹಾಗೆ ಮೇಷ್ಟ್ರು ಎಲ್ಲರಿಗಿಂತ ಕೆಳಗಿದ್ದರು. ಮಧ್ಯಾಹ್ನ ಹೆಡ್‌ಮಿಸ್ ನೋಡಲು ಬರುವವರಿದ್ದರು.

ಊಟದ ಬಿಡುವಿನಲ್ಲಿ ಗೇಟಿನವನು ಇಣುಕಿದ. "ಸಾರ್, ನಂದು ಆರು ಗಂಟೆ ಅಂತ ಇದ್ಯಲ್ಲ, ಎಂಟೂವರೆ ಮಾಡ್ಬಿಡಿ. ಮಕ್ಕಳ ಮುಂದೆ ಜಂಬಕ್ಕೆ ಹೇಳ್ಬಿಟ್ಟೆ."

"ಬೇಗ ಬಂದ್ರೆ ಒಳ್ಳೇದೇ ಅಲ್ವೇನಯ್ಯಾ?"

"ಆಮೇಲೆ ದಿನಾ ಆರಕ್ಕೇ ಬಾ ಅಂದ್ರೆ ನನ್ನ ಹೆಂಡ್ತಿಗೆ ನೀವು ಹೇಳ್ತೀರಾ?"

ಮೇಷ್ಟ್ರು ಬದಲಾಯಿಸಿದರು. ಹಾಗೆ ಮಾಡಿದ ಮೇಲೆ ಆ ಆರು ಗಂಟೆ ಸುಮ್ಮನೆ ಹಾಳಾಗುವುದೇಕೆ ಎಂದು ತಮ್ಮ ಸಾಲಿಗೆ ಹಾಕಿಕೊಂಡರು.

ಸ್ವಲ್ಪ ಹೊತ್ತಿಗೆ ಹೆಡ್‌ಮಿಸ್ ಬಂದರು. ಕೈಯಲ್ಲಿದ್ದ ಭೂಪಟದಿಂದ ಸಮುದ್ರವೆಲ್ಲ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಸ್ಟೋರ್ ರೂಮಲ್ಲಿ ಪಾದ ಮುಳುಗೋಷ್ಟು ನೀರು. ಯಾರೋ ಅಲ್ಲಿನ ನಲ್ಲಿ ಬಿಟ್ಟು ಹೋಗಿದ್ದಾರೆ. ನಲ್ಲೀಲಿ ನೀರು ಬರೋದು ಬೆಳಿಗ್ಗೆ ಆರರಿಂದ ಏಳು. ಆಗ ಶಾಲೇಲಿ ಯಾರಿದ್ರು?"

"ಹುಡುಕಿ ಹೇಳ್ತೀನಿ ಮಿಸ್," ಎಂದು ಎರಡು ಜಡೆ 'ಏಳಕ್ಕಿಂತ ಮುಂಚೆ' ಎಂದು ಒತ್ತಿದಳು. ಹದಿಮೂರು ಸಾಲು ಮಾಯವಾದವು. ಉಳಿದ ಒಂದನ್ನು ನೋಡಿ ಬಾಯಿ ತೆರೆದಳು, ಮೇಷ್ಟ್ರು ಕೆಮ್ಮಿದರು, ಮುಚ್ಚಿಕೊಂಡಳು.

"ನೀವಾ?" ಎಂದರು ಹೆಡ್‌ಮಿಸ್. "ಗೇಟಿಗೆ ಬೀಗ ಇರುತ್ತಲ್ಲ, ಹೇಗೆ ಬಂದ್ರಿ?"

"ಕಾಂಪೌಂಡ್ ಹಾರಿರ್ತಾರೆ ಮೇಡಂ," ಎಂದ ಬಾಗಿಲಲ್ಲಿ ನಿಂತಿದ್ದ ಗೇಟಿನವನು. "ಕೆಲಸ ಅಂದ್ರೆ ಅಷ್ಟು ಆಸೆ ಸಾರ್‌ಗೆ."

ಮೇಷ್ಟ್ರಿಗೆ ದಾರಿ ಎರಡೇ. ತಡವಾಗಿ ಬಂದೆ ಎನ್ನಬೇಕು, ಇಲ್ಲವೇ ನಲ್ಲಿ ಬಿಟ್ಟವನು ನಾನೇ ಎನ್ನಬೇಕು. ನೀರನ್ನು ಒರೆಸಬಹುದು, ಹೋದ ಪಾಠ ಬರುವುದಿಲ್ಲ.

"ನಾನೇ ಮರೆತೆ ಮೇಡಂ."

"ಒರೆಸಿಬಿಡಿ. ನಾಳೆಯಿಂದ ಹಾರೋದು ಬೇಡ. ಹೇಗೂ ಆರಕ್ಕೇ ಬರ್ತೀರಲ್ಲ, ಗೇಟು, ನಲ್ಲಿ ಎರಡನ್ನೂ ನೀವೇ ನೋಡ್ಕೊಳ್ಳಿ."

ಸಂಜೆ ಮೇಷ್ಟ್ರು ಪ್ಯಾಂಟು ಮಡಚಿ ಬಕೆಟ್ಟಿಗೆ ಬಟ್ಟೆ ಹಿಂಡುತ್ತಿದ್ದಾಗ ಗೇಟಿನವನು ಬಂದು ಬೀಗದ ಕೈ ಅವರ ಜೇಬಿಗೆ ಹಾಕಿದ.

"ಆ ನಲ್ಲಿ ಸ್ವಲ್ಪ ಮೊಂಡು ಸಾರ್. ನೀರು ನಿಲ್ಲೋಕೆ ಎರಡು ಸುತ್ತು ತಿರುಗಿಸಬೇಕು. ಇವತ್ತು ಬೆಳಿಗ್ಗೆ ನಾನು ಒಂದೇ ಸುತ್ತು ತಿರುಗಿಸಿ ಟೀ ಕುಡಿಯೋಕೆ ಹೋಗ್ಬಿಟ್ಟೆ."